ದಾಸೋಹದ ಸಾರು, ಉಪ್ಪಿನ ಮಾತು

ದಾನಕ್ಕೆ ಬಂದ ಆಕಳ ಹಲ್ಲು ಎಣಿಸಬಾರದೆಂಬುದು ಲೋಕದ ಗಾದೆ. ದಾನದ ಮಟ್ಟಿಗೆ ಈ ಮಾತು ಸರಿಯಿರಬಹುದು, ದಾಸೋಹಕ್ಕೆ ಸಲ್ಲದು. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಾದರೋ ಬಡಿಸುವವನೇ ದಾಸ, ಉಣ್ಣುವವನು ಜಂಗಮಸ್ವರೂಪಿ. ಧಾರವಾಡದ ಮುರುಘಾಮಠದಂತಹ ಪ್ರಸಾದನಿಲಯಗಳಲ್ಲಿ ಉಂಡು, ಓದಿ, ಮುಂದೆ ಬಂದವರು ಉತ್ತರ ಕರ್ನಾಟಕದ ತುಂಬ ಇದ್ದಾರೆ. ಅಂತಹ ಪಂಕ್ತಿಯಲ್ಲಿ ಕುಳಿತ ಹುಡುಗನೊಬ್ಬ ‘ಸಾರಿಗೆ ಉಪ್ಪು ಸಾಲದು’ ಎಂದನೆನ್ನಿ. ‘ಪುಕ್ಕಟೆ ಉಣ್ಣುವವನಿಗೆ ಇಷ್ಟು ಮಾತೇಕೆ’ ಎಂದು ಬಡಿಸುವವನು ಮರುನುಡಿದರೆ ಅಲ್ಲಿಗೆ ದಾಸೋಹ ಮುಗಿದು ದಾನ ಮೊದಲಾಯಿತು.

ಈ ಭೇದವನ್ನು ಇಂದು ಗಣಕಯಂತ್ರದ ಲೋಕಕ್ಕೂ ಹಚ್ಚಿ ನೋಡಬೇಕಾಗಿದೆ. ಅಲ್ಲಿಯೂ ಒಂದು ಬಗೆಯ ದಾಸೋಹ ದಶಕಗಳಿಂದ ನಡೆದುಬಂದಿದೆ. ರಿಚರ್ಡ್ ಸ್ಟಾಲ್‌ಮನ್ ಅವರು 1983ರಲ್ಲಿ ಗ್ನೂ ಯೋಜನೆಯನ್ನು ಸಾರಿದಂದಿನಿಂದ, ತಂತ್ರಾಂಶವನ್ನು ಯಾರೂ ಬಳಸಬಹುದು, ಒಳಗನ್ನು ಓದಬಹುದು, ತಿದ್ದಬಹುದು, ಹಂಚಬಹುದು ಎಂಬ ತತ್ತ್ವವೊಂದು ಬೇರೂರಿದೆ. ಕನ್ನಡವೂ ಇಂತಹ ಉದಾರಿಗಳ ಋಣದಲ್ಲಿದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ನಾಡೆಲ್ಲ ಬಳಸಿತು. ಅವರು ಅದಕ್ಕೆ ಬೆಲೆ ಕಟ್ಟಲಿಲ್ಲ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಉಚಿತವಾಗಿ ಹೊರಬಂದು ಸಾವಿರಾರು ಮನೆಗಳಲ್ಲಿ ಕನ್ನಡದ ಅಕ್ಷರ ಮೂಡಿಸಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಕಚೇರಿಗಳನ್ನೂ ಧಾರವಾಡ–ಹುಬ್ಬಳ್ಳಿಯ ಡಿಟಿಪಿ ಅಂಗಡಿಗಳನ್ನೂ ಸೇರಿತು. 2010ರ ದಶಕದಲ್ಲಿ ಓಂಶಿವಪ್ರಕಾಶ್ ಮತ್ತು ಅವರ ಗೆಳೆಯರು, ಓ.ಎಲ್. ನಾಗಭೂಷಣಸ್ವಾಮಿಯವರ ಮಾರ್ಗದರ್ಶನದಲ್ಲಿ, ‘ವಚನ ಸಂಚಯ’ವನ್ನು ಕಟ್ಟಿದರು. ಒಂದು ಪದವನ್ನು ಕೊಟ್ಟರೆ ಅದು ಬಂದಿರುವ ವಚನಗಳನ್ನೆಲ್ಲ ಹುಡುಕಿ ಮುಂದಿಡುವ ಆ ಸಾಧನ ಇಂದು ವಚನಾಭ್ಯಾಸಿಗಳಿಗೆ ಎಷ್ಟು ಸಹಜವಾಗಿದೆಯೆಂದರೆ, ಅದರ ಹಿಂದೆ ಸಂಬಳವಿಲ್ಲದ ರಾತ್ರಿಗಳಿವೆಯೆಂಬುದು ನೆನಪಿಗೆ ಬರುವುದೂ ಅಪರೂಪ.

ನೆನಪಿಗೆ ಬರುವುದು ದೋಷ ಕಂಡಾಗ ಮಾತ್ರ. ಇದು ಯಾರದೂ ದುರ್ಗುಣವಲ್ಲ. ಸಾರು ರುಚಿಯಾಗಿದ್ದರೆ ಉಂಡವನು ಕೈ ತೊಳೆದು ಹೋಗುತ್ತಾನೆ, ಉಪ್ಪು ತಪ್ಪಿದರೆ ಬಾಯಿ ತೆರೆಯುತ್ತಾನೆ. ತಂತ್ರಾಂಶ ರಚಿಸುವವನ ಕಿವಿಗೆ ಹತ್ತು ದೂರುಗಳ ನಡುವೆ ಒಂದು ಮೆಚ್ಚುಗೆ ಬಿದ್ದರೆ ಅದೇ ಹೆಚ್ಚು. ಹೀಗಾಗಿ ಅವನಿಗೆ ತನ್ನ ಕೆಲಸದಿಂದ ಲೋಕಕ್ಕೆ ನೋವೇ ಆಗಿದೆಯೆಂಬ ಭ್ರಮೆ ಹುಟ್ಟುವುದುಂಟು. ಬಂದ ದೂರುಗಳನ್ನಷ್ಟೇ ಎಣಿಸಿ, ಬಾರದೆ ಉಳಿದ ತೃಪ್ತಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಆ ಲೆಕ್ಕ ತಪ್ಪುತ್ತದೆ.

ದೂರು ಎಂತಹದೆಂಬುದಕ್ಕೆ ಒಂದು ನಿದರ್ಶನ. ಗಣಕದಲ್ಲಿರುವ ಕನ್ನಡ ಬರಹಗಳಲ್ಲಿ ‘ಧರ್ಮ’ ಎಂಬುದು ‘ಧಮರ್’ ಎಂದೂ ‘ಕರ್ನಾಟಕ’ ಎಂಬುದು ‘ಕನಾರ್ಟಕ’ ಎಂದೂ ಆಗಿರುವುದನ್ನು ಹಲವರು ಕಂಡಿರಬಹುದು. ವಚನವೊಂದರಲ್ಲಿ ‘ಧಮರ್’ ಎಂಬ ರೂಪ ಕಂಡರೆ ಭಕ್ತನ ಮನಸ್ಸಿಗೆ ಕಲ್ಲು ತಗುಲಿದಂತಾಗುತ್ತದೆ. ‘ಶರಣರ ವಾಣಿಯನ್ನು ಕೆಡಿಸಿದರು, ಶ್ರದ್ಧೆಯಿಲ್ಲದವರು’ ಎಂಬ ಮಾತು ತಾನಾಗಿ ಬಾಯಿಗೆ ಬರುತ್ತದೆ. ನಿಜದಲ್ಲಿ ಇಲ್ಲಿ ಅಶ್ರದ್ಧೆ ಲವಲೇಶವೂ ಇಲ್ಲ. ಹಳೆಯ ನುಡಿ, ಬರಹಗಳ ಅಕ್ಷರವಿನ್ಯಾಸದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿಯೇ, ಅಂದರೆ ಅಕ್ಷರದ ಅನಂತರ, ಸಂಗ್ರಹವಾಗುತ್ತಿತ್ತು. ಯೂನಿಕೋಡಿನಲ್ಲಾದರೋ ಉಚ್ಚಾರದ ಕ್ರಮವೇ ಪ್ರಮಾಣ; ರಕಾರ ಮೊದಲು ಬರಬೇಕು. ಹಳೆಯ ಕಡತವನ್ನು ಹೊಸದಕ್ಕೆ ಪರಿವರ್ತಿಸುವಾಗ ಆ ರಕಾರವನ್ನು ಹಿಂದಕ್ಕೆ ಸರಿಸದಿದ್ದರೆ, ಅಥವಾ ಅರ್ಧದಷ್ಟೇ ಸರಿಸಿದರೆ, ಧರ್ಮ ಧಮರ್ ಆಗುತ್ತದೆ. ಯಾವನೋ ಒಬ್ಬ ಉದ್ಯೋಗಸ್ಥ ಹಗಲಿನ ದುಡಿಮೆ ಮುಗಿಸಿ ಬಂದು ಬರೆದ ಪರಿವರ್ತಕದಲ್ಲಿ ಒಂದು ನಿಯಮ ಬಿಟ್ಟುಹೋಗಿದೆ, ಅಷ್ಟೆ.

ಆದರೂ ಆ ಭಕ್ತನ ದೂರು ಸುಳ್ಳೇ? ಅಲ್ಲ. ಧ್ವನಿ ಒರಟಾದರೂ ಸಂಗತಿ ನಿಜ. ಅಕ್ಷರ ತಪ್ಪಿದೆ, ಮತ್ತು ಅದೊಂದು ತಪ್ಪಿನಿಂದ ಆ ವಚನ ಹುಡುಕುವವನಿಗೆ ಸಿಗದೆ ಹೋಗುತ್ತದೆ. ಇಲ್ಲಿಯೇ ತಂತ್ರಾಂಶಕಾರನ ಪರೀಕ್ಷೆಯಿರುವುದು. ಬೈಗುಳವನ್ನು ಸೋಸಿ ಅದರೊಳಗಿನ ಸಂಗತಿಯನ್ನು ಮಾತ್ರ ಎತ್ತಿಕೊಳ್ಳಬಲ್ಲನೇ? ‘ಧಮರ್’ ಎಂಬುದು ಎಲ್ಲಿ ಕಂಡಿತೆಂಬ ಮಾಹಿತಿ ಅವನಿಗೆ ಬೇಕು. ‘ಶ್ರದ್ಧೆಯಿಲ್ಲದವನು’ ಎಂಬುದು ಬೇಡ. ಮೊದಲನೆಯದು ಕೃತಿಯ ಮಾತು, ಎರಡನೆಯದು ವ್ಯಕ್ತಿಯ ಮಾತು. ತಾನು ಕೊಟ್ಟದ್ದು ಇನ್ನು ತನ್ನದಲ್ಲವೆಂದು ನಿಜವಾಗಿ ನಂಬಿದವನಿಗೆ ಕೃತಿಯ ಮೇಲೆ ಬಿದ್ದ ಪೆಟ್ಟು ಮೈಗೆ ತಾಗುವುದಿಲ್ಲ. ಹಾಗೆ ನಂಬದವನೇ ‘ಪುಕ್ಕಟೆ ಕೊಟ್ಟಿದ್ದೇನೆ, ಬೇಕಾದರೆ ಬಳಸಿ, ಬೇಡವಾದರೆ ಬಿಡಿ’ ಎನ್ನುತ್ತಾನೆ. ಮುಕ್ತ ತಂತ್ರಾಂಶದ ಪರವಾನಗಿಗಳಲ್ಲಿ ‘ಇದಕ್ಕೆ ಯಾವ ಖಾತರಿಯೂ ಇಲ್ಲ’ ಎಂಬ ಷರತ್ತು ಇರುವುದು ನಿಜ. ಅದು ನ್ಯಾಯಾಲಯಕ್ಕೆ ಹೇಳುವ ಉತ್ತರ, ಪಂಕ್ತಿಯಲ್ಲಿ ಕುಳಿತವನಿಗಲ್ಲ.

ಇನ್ನೊಂದು ಸೂಕ್ಷ್ಮವುಂಟು. ಹಣವಿಲ್ಲದೆ ಕೊಡುವುದು ಬೇರೆ, ಅಡುಗೆಮನೆಯ ಬಾಗಿಲನ್ನೇ ತೆರೆದಿಡುವುದು ಬೇರೆ. ‘ಬರಹ’ ಉಚಿತವಾಗಿತ್ತು, ಆದರೆ ಅದರ ಮೂಲಸಂಕೇತ ತೆರೆದಿರಲಿಲ್ಲ. ಮುಂದಿನ ಆವೃತ್ತಿಗಳಿಗೆ ಬೆಲೆಯೂ ಬಂದಿತು. ತನ್ನ ಶ್ರಮಕ್ಕೆ ಬೆಲೆ ಕೇಳುವುದು ಕಾಯಕಧರ್ಮಕ್ಕೆ ವಿರುದ್ಧವೇನಲ್ಲ, ಆ ಬಗ್ಗೆ ಆಕ್ಷೇಪಿಸುವವರು ಹಿಂದೆ ಉಂಡದ್ದನ್ನು ಮರೆಯಬಾರದು. ಆದರೆ ಮೂಲ ಮುಚ್ಚಿದ್ದಾಗ ಎಲ್ಲ ದೂರಿಗೂ ಒಬ್ಬನೇ ಉತ್ತರಿಸಬೇಕು, ಎಲ್ಲ ದೋಷವನ್ನೂ ಒಬ್ಬನೇ ತಿದ್ದಬೇಕು. ಮೂಲ ತೆರೆದಿದ್ದರೆ ಉಪ್ಪು ಸಾಲದೆಂದವನಿಗೇ ಉಪ್ಪಿನ ಗಡಿಗೆ ತೋರಿಸಬಹುದು.

ತೋರಿಸಿದರೂ ಎದ್ದು ಬರುವವರು ವಿರಳವೆಂಬುದು ಬೇರೆ ಮಾತು. ಅದರಿಂದಾಗುವ ಅಪಾಯಕ್ಕೆ ಈಚಿನದೊಂದು ಘಟನೆ ಸಾಕ್ಷಿ. ಜಗತ್ತಿನ ಲಿನಕ್ಸ್ ಗಣಕಗಳಲ್ಲೆಲ್ಲ ಇರುವ, ಕಡತಗಳನ್ನು ಸಂಕುಚಿಸುವ ‘ಎಕ್ಸ್‌ಜೆಡ್’ ಎಂಬ ಸಣ್ಣ ತಂತ್ರಾಂಶವನ್ನು ಫಿನ್ಲೆಂಡಿನ ಲಾಸೆ ಕಾಲಿನ್ ಎಂಬವರು ವರ್ಷಗಟ್ಟಲೆ ವೇತನವಿಲ್ಲದೆ ಕಾಪಾಡಿಕೊಂಡು ಬಂದಿದ್ದರು. 2022ರಲ್ಲಿ ಕೆಲವು ಹೆಸರುಗಳಿಂದ ಅವರಿಗೆ ಒಂದೇ ಸಮನೆ ಟೀಕೆಗಳು ಬಂದವು: ಕೆಲಸ ನಿಧಾನ, ಬೇರೆಯವರಿಗೆ ಬಿಟ್ಟುಕೊಡಿ ಎಂದು. ತಮ್ಮ ಮನಸ್ಸಿನ ಆರೋಗ್ಯ ಸರಿಯಿಲ್ಲವೆಂದೂ ಇದು ಸಂಬಳವಿಲ್ಲದ ಹವ್ಯಾಸವೆಂದೂ ಅವರು ತಿಳಿಸಿದರು. ಕೊನೆಗೆ ಜಿಯಾ ಟಾನ್ ಎಂಬ ಹೆಸರಿನಲ್ಲಿ ನೆರವಿಗೆ ಬಂದವನಿಗೆ ಅಧಿಕಾರ ದೊರೆಯಿತು. ಅವನು ಅದರೊಳಗೆ ಕಳ್ಳಬಾಗಿಲನ್ನು ಇಟ್ಟನು. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು, ಗಣಕವನ್ನು ಪ್ರವೇಶಿಸುವಾಗ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದೆಯೇಕೆಂದು ಬೆನ್ನುಹತ್ತಿ ಅದನ್ನು ಹೊರಗೆಳೆದರು. ಆ ಟೀಕಾಕಾರರೂ ಅದೇ ಸಂಚಿನವರೆಂಬುದು ತಜ್ಞರ ಬಲವಾದ ಶಂಕೆ.

ಅಂದಮೇಲೆ ಬಡಿಸುವವನಿಗೂ ‘ಇಂದು ಆಗದು’ ಎನ್ನುವ ಹಕ್ಕಿದೆ. ಎಡೆಯನ್ನೇ ಒದ್ದವನಿಗೆ ಉತ್ತರಿಸದೆ ಮುಂದಿನ ಪಂಕ್ತಿಗೆ ಹೋಗುವುದು ದಾಸೋಹಕ್ಕೆ ಕುಂದಲ್ಲ. ದಾಸನಾಗುವುದೆಂದರೆ ಕುಸಿದು ಬೀಳುವವರೆಗೆ ದುಡಿಯುವುದೆಂದು ಶರಣರ ಅಭಿಪ್ರಾಯವಾಗಿರಲಾರದು.

ಟೀಕಿಸುವವರ ಪಾಲಿಗೆ ಆಯ್ದಕ್ಕಿ ಲಕ್ಕಮ್ಮನ ನಿದರ್ಶನವಿದೆ. ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಮರಳಿ ಸುರಿದು ಬರುವಂತೆ ಹೇಳಿದವಳು ಅವಳು. ಮಾತು ನಿಷ್ಠುರ. ಆದರೆ ಅವಳು ಬೀದಿಯಲ್ಲಿ ನಿಂತು ಆಡಿದವಳಲ್ಲ. ಆ ಅಕ್ಕಿಯನ್ನು ಬೇಯಿಸಿ ಜಂಗಮರಿಗೆ ಬಡಿಸುವ ಕಾಯಕದಲ್ಲಿ ಸಹಭಾಗಿಯಾದವಳು. ದೋಷವನ್ನು ಹೆಸರಿಸಿದಳು, ಪರಿಹಾರವನ್ನೂ ಹೇಳಿದಳು, ಗಂಡನ ಹುಟ್ಟುಗುಣವನ್ನು ಎತ್ತಾಡಲಿಲ್ಲ.

ವಚನಗಳ ಪಾಠವೂ ಇಂತಹ ಸಹಭಾಗಿಗಳಿಂದಲೇ ಶುದ್ಧವಾಗುತ್ತ ಬಂದಿದೆ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದ ಫ.ಗು. ಹಳಕಟ್ಟಿಯವರು ತಾಳೆಯೋಲೆಗಳನ್ನು ಹುಡುಕಿ, ಮನೆಯನ್ನೂ ಮಾರಿ ವಚನಗಳನ್ನು ಅಚ್ಚಿಗೆ ತಂದರು. 1923ರಲ್ಲಿ ‘ವಚನಶಾಸ್ತ್ರಸಾರ’ ಹೊರಬಂದಿತು. ಅನಂತರ ಶಿ.ಶಿ. ಬಸವನಾಳರು, ಆರ್.ಸಿ. ಹಿರೇಮಠರು ಬೇರೆ ಬೇರೆ ಪ್ರತಿಗಳನ್ನು ಹೋಲಿಸಿ ಪಾಠಗಳನ್ನು ಪರಿಷ್ಕರಿಸಿದರು. 1993ರಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಾಹಿತ್ಯ 15 ಸಂಪುಟಗಳಾಗಿ ಬಂದಿತು. ಹಿಂದಿನವರ ಪಾಠವನ್ನು ತಿದ್ದಿದ ಈ ವಿದ್ವಾಂಸರು ಯಾರೂ ಹಳಕಟ್ಟಿಯವರ ಶತ್ರುಗಳಾಗಿರಲಿಲ್ಲ.

ಆ ಸಂಪುಟಗಳು ಇಂದು ಹುಬ್ಬಳ್ಳಿ–ಧಾರವಾಡದ ಎಷ್ಟೋ ಮನೆಗಳ ಕಪಾಟಿನಲ್ಲಿವೆ. ಗಣಕದ ಪರದೆಯ ಮೇಲೆ ‘ಧಮರ್’ ಎಂದು ಕಂಡ ದಿನ, ಸಂಪುಟವನ್ನು ಕೆಳಗಿಳಿಸಿ, ಸಂಪುಟದ ಸಂಖ್ಯೆ, ವಚನದ ಸಂಖ್ಯೆ, ತಪ್ಪು ರೂಪ, ಸರಿಯಾದ ರೂಪ, ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದು ತಿದ್ದುವವರಿಗೆ ಮುಟ್ಟಿಸಲು ಹತ್ತು ನಿಮಿಷ ಸಾಕು.