ಮಾಲೀಕ, ಮಗ, ಲೆಕ್ಕದವರು ಒಂದೇ ಕಾರಿನಲ್ಲಿ: ಅಂಗಡಿ ಬೀಗದ ಕೈ ಯಾರ ಹತ್ರ?

ಹಬ್ಬದ ಸೀಸನ್ ಹತ್ತಿರ ಬಂತೆಂದರೆ ತಾಲ್ಲೂಕಿನ ಬಟ್ಟೆ ಅಂಗಡಿ, ಪಾತ್ರೆ ಅಂಗಡಿಯವರು ಮಾಲು ತರಲು ಬೆಂಗಳೂರಿನ ಚಿಕ್ಕಪೇಟೆಗೆ ಹೊರಡೋದು ಮಾಮೂಲಿ. ರಾತ್ರಿ ಊಟ ಮುಗಿಸಿ ಕಾರು ಹತ್ತಿದರೆ ಬೆಳಗಿನ ಕಾಫಿಗೆ ಬೆಂಗಳೂರು. ಕಾರಿನಲ್ಲಿ ಯಾರಿರ್ತಾರೆ? ಮಾಲೀಕರು, ಅಂಗಡಿ ನೋಡಿಕೊಳ್ಳುವ ಮಗ ಇಲ್ಲವೇ ತಮ್ಮ, ಜೊತೆಗೆ ಲೆಕ್ಕ ಬರೆಯುವವರು. ಡೀಸೆಲ್ ಖರ್ಚು ಒಂದೇ, ದಾರಿಯಲ್ಲಿ ಮಾತಿಗೂ ಜನ ಇರ್ತಾರೆ ಅನ್ನೋ ಲೆಕ್ಕಾಚಾರ. ಅಂಗಡಿ ನಡೆಸೋಕೆ ಗೊತ್ತಿರುವ ಮೂವರೂ ಒಂದೇ ಗಾಡಿಯಲ್ಲಿದ್ದಾರೆ ಅನ್ನೋದು ಮಾತ್ರ ಯಾರ ತಲೆಗೂ ಬರಲ್ಲ.

ದೊಡ್ಡ ಕಂಪನಿಗಳಿಗೆ ಇದು ಹೊಸ ವಿಷಯವೇನಲ್ಲ. ಮುಖ್ಯಸ್ಥರು ಎಲ್ಲರೂ ಒಂದೇ ವಿಮಾನ ಹತ್ತಬಾರದು ಅಂತ ಹಲವು ಕಂಪನಿಗಳಲ್ಲಿ ನಿಯಮವೇ ಇದೆ. ಆದರೆ ನಿಯಮ ಇದ್ದ ಕಡೆಯೂ ಅನಾಹುತ ಆಗಿದೆ. ಆಸ್ಟ್ರೇಲಿಯಾದ ಪರ್ತ್ ನಗರದ ಗಣಿ ಕಂಪನಿ ಸನ್‌ಡ್ಯಾನ್ಸ್ ರಿಸೋರ್ಸಸ್ ಕಥೆ ಅದೇ.

ಈ ಕಂಪನಿ ಆಫ್ರಿಕಾದ ಕ್ಯಾಮರೂನ್ ಮತ್ತು ಕಾಂಗೋ ಗಡಿಯಲ್ಲಿ ಕಬ್ಬಿಣದ ಅದಿರು ತೆಗೆಯುವ ಯೋಜನೆ ಹಾಕಿಕೊಂಡಿತ್ತು. 2010ರ ಜೂನ್ 19ರಂದು ಆಡಳಿತ ಮಂಡಳಿಯವರು ಜಾಗ ನೋಡಲು ಕ್ಯಾಮರೂನ್ ರಾಜಧಾನಿ ಯಾವುಂಡೆಯಿಂದ ಕಾಂಗೋದ ಯಂಗಾಡುವಿಗೆ ಹೊರಟರು. ನಿರ್ದೇಶಕರಲ್ಲಿ ಒಬ್ಬರಾದ ಗಣಿ ಉದ್ಯಮಿ ಕೆನ್ ಟಾಲ್ಬಟ್ ಬಳಿ ಸ್ವಂತ ಜೆಟ್ ಇತ್ತು. ಆದರೆ ಕಾಡಿನ ನಡುವಿನ ಆ ಸಣ್ಣ ರನ್‌ವೇಯಲ್ಲಿ ಜೆಟ್ ಇಳಿಯುವಂತಿರಲಿಲ್ಲ. ಹಾಗಾಗಿ ಸಣ್ಣ ವಿಮಾನವೊಂದನ್ನು ಬಾಡಿಗೆಗೆ ತಗೊಂಡು ಎಲ್ಲರೂ ಅದರಲ್ಲೇ ಹತ್ತಿದರು. ವಿಮಾನ ಯಂಗಾಡು ತಲುಪಲೇ ಇಲ್ಲ. ಎರಡು ದಿನದ ಮೇಲೆ ಕಾಡಿನಲ್ಲಿ ಅವಶೇಷ ಸಿಕ್ತು. ಅದರಲ್ಲಿದ್ದ 11 ಮಂದಿಯೂ ಹೋಗಿದ್ದರು. ಅಧ್ಯಕ್ಷ, ಮುಖ್ಯ ಕಾರ್ಯನಿರ್ವಾಹಕ ಸೇರಿ ಇಡೀ ಆಡಳಿತ ಮಂಡಳಿ ಒಂದೇ ದಿನ ಖಾಲಿ.

ಎಲ್ಲರೂ ಒಟ್ಟಿಗೆ ಹಾರಬಾರದು ಅನ್ನೋ ಪದ್ಧತಿ ಈ ಕಂಪನಿಯಲ್ಲೂ ಇತ್ತು ಎಂದು ಆಗ ವರದಿಯಾಗಿತ್ತು. ಗಮನಿಸಬೇಕಾದ್ದು ಇದನ್ನೇ. ದೂರದ ದಾರಿಯಲ್ಲಿ ಎಚ್ಚರ ಇರುತ್ತೆ. 'ಇನ್ನೇನು, ಇಲ್ಲೇ ಪಕ್ಕದಲ್ಲಿ' ಅಂತ ಸಿಕ್ಕ ಗಾಡಿ ಹತ್ತುವ ಕೊನೆಯ ತುಂಡು ದಾರಿಯಲ್ಲೇ ನಿಯಮ ಮುರಿಯೋದು.

ಕಂಪನಿಯ ಷೇರು ವಹಿವಾಟು ನಿಂತುಹೋಯಿತು. ಹಣಕಾಸು ಮುಖ್ಯಸ್ಥ ಪೀಟರ್ ಕ್ಯಾಂಟರ್‌ಬರಿ ಆ ವಿಮಾನದಲ್ಲಿ ಇರಲಿಲ್ಲ. ಮುಖ್ಯಸ್ಥರ ಕೆಲಸ ತಾತ್ಕಾಲಿಕವಾಗಿ ಅವರ ಹೆಗಲಿಗೆ ಬಿತ್ತು. ಹಿಂದೆ ಅಧ್ಯಕ್ಷರಾಗಿದ್ದ ಜಾರ್ಜ್ ಜೋನ್ಸ್ ಅವರನ್ನು ವಾಪಸ್ ಕರೆಸಿ ಕೂರಿಸಿದರು. ಕೆಲಸ ಗೊತ್ತಿರುವ ಒಬ್ಬರು ಹೊರಗೆ ಉಳಿದಿದ್ದಕ್ಕೆ ಕಂಪನಿಯ ಬಾಗಿಲು ಮುಚ್ಚಲಿಲ್ಲ.

ಮುಖ್ಯವಾದವರು ಅಂದರೆ ಬರೀ ಬಾಸ್‌ಗಳಲ್ಲ. 2014ರ ಮಾರ್ಚ್ 8ರಂದು ಕಾಣೆಯಾದ ಮಲೇಷ್ಯಾದ ಎಂಎಚ್370 ವಿಮಾನದಲ್ಲಿ ಫ್ರೀಸ್ಕೇಲ್ ಎಂಬ ಚಿಪ್ ಕಂಪನಿಯ 20 ನೌಕರರಿದ್ದರು. 12 ಮಂದಿ ಮಲೇಷ್ಯಾದವರು, 8 ಮಂದಿ ಚೀನಾದವರು. ಇವರಲ್ಲಿ ಕಂಪನಿಯ ಮೊದಲ ಸಾಲಿನ ಮುಖ್ಯಸ್ಥರು ಇರಲಿಲ್ಲ. ಆದರೆ ಕೆಲಸದ ಒಳಗುಟ್ಟು ಇರೋದು ಇಂಥವರ ಕೈಯಲ್ಲೇ. ಪೇಟೆ ಅಂಗಡಿಯಲ್ಲೂ ಹಾಗೇ ತಾನೇ? ಯಾವ ಹಳ್ಳಿಯ ಯಾರ ಉದ್ರಿ ಎಷ್ಟಿದೆ, ಯಾರು ಸುಗ್ಗಿಗೆ ಕೊಡ್ತಾರೆ, ಯಾರು ಕೊಡಲ್ಲ ಅನ್ನೋದು ಮಾಲೀಕರಿಗಿಂತ ಗಲ್ಲಾಪೆಟ್ಟಿಗೆ ಪಕ್ಕ ಕೂರುವ ಹಳೇ ಗುಮಾಸ್ತರಿಗೇ ಚೆನ್ನಾಗಿ ಗೊತ್ತು.

ಸನ್‌ಡ್ಯಾನ್ಸ್‌ಗೆ ಷೇರುದಾರರಿದ್ದರು, ವಕೀಲರಿದ್ದರು. ತಾಲ್ಲೂಕಿನ ಅಂಗಡಿಗೆ ಏನಿದೆ? ಮಾಲೀಕರು ತೀರಿಕೊಂಡ ಸುದ್ದಿ ತಲುಪಿದ ಮೇಲೆ ಅವರು ಸಹಿ ಹಾಕಿಟ್ಟ ಚೆಕ್‌ಗೆ ಬ್ಯಾಂಕ್ ಹಣ ಕೊಡಲ್ಲ. ಪಾಲುದಾರಿಕೆ ಅಂಗಡಿ ಆದರೆ 1932ರ ಪಾಲುದಾರಿಕೆ ಕಾಯ್ದೆಯ 42ನೇ ಸೆಕ್ಷನ್ ನೋಡಬೇಕು. ಪತ್ರದಲ್ಲಿ ಬೇರೆ ಮಾತು ಬರೆಯದೇ ಇದ್ದರೆ ಒಬ್ಬ ಪಾಲುದಾರ ಸತ್ತರೆ ಸಂಸ್ಥೆಯೇ ವಿಸರ್ಜನೆ ಆಗುತ್ತೆ. ಇಬ್ಬರೇ ಪಾಲುದಾರರಿದ್ದಲ್ಲಿ ಉಳಿದವರೊಬ್ಬರೇ ಪಾಲುದಾರಿಕೆ ಅಂತ ಮುಂದುವರಿಸೋಕೂ ಬರಲ್ಲ, ಹೊಸದಾಗಿ ಪತ್ರ ಆಗಬೇಕು. ಅಣ್ಣ ತಮ್ಮ ಇಬ್ಬರೇ ಪಾಲುದಾರರಾಗಿ, ಇಬ್ಬರೂ ಒಂದೇ ಕಾರಿನಲ್ಲಿ ಓಡಾಡುವ ಅಂಗಡಿಗಳು ಪೇಟೆ ಬೀದಿಯಲ್ಲಿ ಎಷ್ಟಿಲ್ಲ!

ಸಾವಿನ ಮಾತೇ ಬೇಡ, ಒಂದು ತಿಂಗಳು ಆಸ್ಪತ್ರೆ ಸೇರಿದರೂ ಸಾಕು. ಜಿಎಸ್‌ಟಿ ಓಟಿಪಿ ಬರೋದು ಮಾಲೀಕರ ಮೊಬೈಲ್‌ಗೆ. ಅದು ಕಾರಿನಲ್ಲೇ ಪುಡಿಯಾಗಿರುತ್ತೆ. ತಿಂಗಳಿಗೊಮ್ಮೆ 3ಬಿ ಸಲ್ಲಿಸುವವರಿಗೆ 20ನೇ ತಾರೀಕು ಗಡುವು. ತಪ್ಪಿದರೆ ತೆರಿಗೆ ಬಾಕಿ ಇದ್ದಲ್ಲಿ ದಿನಕ್ಕೆ 50 ರೂಪಾಯಿ ದಂಡ, ಮೇಲೆ ಬಡ್ಡಿ. ನೋಂದಣಿಯಲ್ಲಿ ಇನ್ನೊಬ್ಬರನ್ನೂ ಸಹಿದಾರರಾಗಿ ಸೇರಿಸಲು ಅವಕಾಶ ಇದೆ. ಆದರೆ ಆ ಇನ್ನೊಬ್ಬರೂ ಹಿಂದಿನ ಸೀಟಲ್ಲೇ ಕೂತಿದ್ದರೆ ಸೇರಿಸಿ ಏನು ಬಂತು?

ಕೀಮ್ಯಾನ್ ಇನ್ಶೂರೆನ್ಸ್ ಅಂತ ಒಂದಿದೆ. ಮುಖ್ಯ ವ್ಯಕ್ತಿಯ ಹೆಸರಲ್ಲಿ ಸಂಸ್ಥೆಯೇ ಪ್ರೀಮಿಯಂ ಕಟ್ಟುತ್ತೆ, ಅವರು ತೀರಿಕೊಂಡರೆ ಹಣ ಸಂಸ್ಥೆಗೆ ಬರುತ್ತೆ. ದುಡ್ಡು ಬರುತ್ತೆ ನಿಜ, ಉದ್ರಿ ಪುಸ್ತಕ ಓದೋಕೆ ಗೊತ್ತಿರುವ ಮನುಷ್ಯ ಬರಲ್ಲ.

ಎರಡು ಕಾರು ಮಾಡಿದರೆ ಖರ್ಚು ಡಬಲ್, ಎರಡು ಗಾಡಿ ರಸ್ತೆಗಿಳಿದರೆ ಅಪಘಾತದ ಸಾಧ್ಯತೆಯೂ ಹೆಚ್ಚು ಅಂತ ವಾದಿಸುವವರಿದ್ದಾರೆ. ಮಾತು ಪೂರ್ತಿ ಸುಳ್ಳಲ್ಲ. ಎರಡರಲ್ಲಿ ಒಂದಕ್ಕೆ ಏನಾದರೂ ಆಗುವ ಸಾಧ್ಯತೆ ಹೆಚ್ಚೇ. ಆದರೆ ಒಂದೇ ಏಟಿಗೆ ಎಲ್ಲರೂ ಹೋಗುವ ಸಾಧ್ಯತೆ ತೀರಾ ಕಮ್ಮಿ ಆಗುತ್ತೆ. ಅಷ್ಟಕ್ಕೂ ಎರಡನೇ ಕಾರು ಯಾಕೆ ಬೇಕು? ಒಬ್ಬರು ಸಾರಿಗೆ ಬಸ್ಸಿನಲ್ಲಿ ಹೋಗಬಹುದು. ಇಲ್ಲಾಂದ್ರೆ ಒಬ್ಬರು ಊರಲ್ಲೇ ಉಳಿದು, ವಾಟ್ಸಾಪ್ ವಿಡಿಯೋದಲ್ಲಿ ಸೀರೆ ನೋಡಿ ರೇಟು ಮಾತಾಡಬಹುದು.

ಸಹಕಾರ ಸಂಘಗಳಲ್ಲೂ ಇದೇ ಪರಿಪಾಠ. ಅಧ್ಯಯನ ಪ್ರವಾಸ ಅಂದರೆ ಅಧ್ಯಕ್ಷರು, ನಿರ್ದೇಶಕರು, ಕಾರ್ಯದರ್ಶಿ ಎಲ್ಲರೂ ಒಂದೇ ಟೆಂಪೋ ಟ್ರಾವೆಲರ್. ಚೆಕ್‌ಗೆ ಜಂಟಿ ಸಹಿ ಹಾಕುವ ಇಬ್ಬರೂ ಸಾಮಾನ್ಯವಾಗಿ ಅಕ್ಕಪಕ್ಕದ ಸೀಟಿನಲ್ಲೇ ಇರ್ತಾರೆ.