ಪೌತಿ ಖಾತೆ ಮುಗಿಯುವ ಮುನ್ನ

ಕರ್ನಾಟಕದಲ್ಲಿ ಸತ್ತವರ ಹೆಸರಿನಲ್ಲೇ ಉಳಿದುಹೋದ ಪಹಣಿಗಳು ಲಕ್ಷಗಟ್ಟಲೆ ಇವೆ. ಅಜ್ಜ ತೀರಿಕೊಂಡು ಎರಡು ತಲೆಮಾರು ಕಳೆದರೂ ಜಮೀನು ಅವನ ಹೆಸರಿನಲ್ಲೇ ಇರುತ್ತದೆ, ಮೊಮ್ಮಕ್ಕಳು ಉಳುತ್ತಿರುತ್ತಾರೆ. ಬೆಳೆ ಸಾಲ ಬೇಕೆಂದಾಗ, ಬರ ಪರಿಹಾರ ಬಂದಾಗ ತೊಡಕು ಗೊತ್ತಾಗುತ್ತದೆ. ಇಂಥ ಜಮೀನುಗಳನ್ನು ವಾರಸುದಾರರ ಹೆಸರಿಗೆ ಮಾಡಿಕೊಡುವ ಪೌತಿ ಖಾತೆ ಕೆಲಸಕ್ಕೆ ಕಂದಾಯ ಇಲಾಖೆ ಈಚೆಗೆ ವೇಗ ಕೊಟ್ಟಿದೆ. ಎಂದೋ ಆಗಬೇಕಿದ್ದ ಕೆಲಸ, ತಕರಾರಿಲ್ಲ. ಆದರೆ ಇಷ್ಟೊಂದು ಹೆಸರುಗಳು ಒಮ್ಮೆಗೇ ಬದಲಾಗುವಾಗ ಯಾರ ಹೆಸರು ಬಿಟ್ಟುಹೋಗುತ್ತಿದೆ ಎಂದು ಈಗಲೇ ನೋಡದಿದ್ದರೆ, ಮುಂದೆ ನೋಡುವ ಕೆಲಸ ಸಿವಿಲ್ ಕೋರ್ಟಿನ ಪಾಲಾಗುತ್ತದೆ. ಬಿಟ್ಟುಹೋಗುವುದು ಹೆಣ್ಣುಮಕ್ಕಳ ಹೆಸರು. ಅದಕ್ಕೆ ಜ್ಯೋತಿಷಿ ಬೇಕಿಲ್ಲ.

ಹೆಣ್ಣಿನ ಸ್ವಾತಂತ್ರ್ಯದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಎರಡು ಪಕ್ಷಗಳಾಗುತ್ತವೆ. ಪ್ರಾಚೀನ ಕಾಲದಲ್ಲಿ ಎಲ್ಲವೂ ಇತ್ತು, ಆಮೇಲೆ ಕೆಟ್ಟಿತು ಎನ್ನುವವರು ಒಂದು ಕಡೆ. ಹಿಂದೆಲ್ಲ ಕತ್ತಲೆ, ಬೆಳಕು ಬಂದಿದ್ದು ಈಗ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಇತಿಹಾಸವನ್ನು ಒಂದೇ ದಿಕ್ಕಿನ ರಸ್ತೆ ಎಂದು ತಿಳಿದಿದ್ದಾರೆ. ಕ್ರಿ.ಪೂ. 12ನೇ ಶತಮಾನದಲ್ಲಿ ಈಜಿಪ್ಟಿನ ದೇರ್ ಎಲ್ ಮದೀನಾ ಎಂಬ ಕೆಲಸಗಾರರ ಊರಿನಲ್ಲಿ ನೌನಖ್ತೆ ಎಂಬ ಮುದುಕಿ ಪಂಚರ ಮುಂದೆ ಹೋಗಿ, ಮುಪ್ಪಿನಲ್ಲಿ ತನ್ನನ್ನು ನೋಡಿಕೊಳ್ಳದ ಮಕ್ಕಳಿಗೆ ತನ್ನ ಆಸ್ತಿಯಲ್ಲಿ ಪಾಲಿಲ್ಲವೆಂದು ಬರೆಸಿದಳು. ಆ ಪ್ಯಾಪಿರಸ್ ಉಳಿದು ಬಂದಿದೆ. ಏಳೆಂಟು ನೂರು ವರ್ಷಗಳ ತರುವಾಯ, ಪ್ರಜಾಪ್ರಭುತ್ವದ ತವರೆಂದು ಹೊಗಳಿಸಿಕೊಳ್ಳುವ ಅಥೆನ್ಸಿನಲ್ಲಿ, ಒಂದು ಮೆಡಿಮ್ನೋಸ್ ಅಂದರೆ ಸುಮಾರು 52 ಲೀಟರ್ ಅಳತೆಯ ಜವೆಗೋಧಿಯ ಬೆಲೆಯನ್ನು ಮೀರಿದ ವ್ಯವಹಾರ ಮಾಡಲು ಹೆಂಗಸಿಗೆ ಕಾನೂನು ಬಿಡುತ್ತಿರಲಿಲ್ಲ. ಕಾಲ ಮುಂದೆ ಹೋಯಿತು, ಹೆಣ್ಣಿನ ಹಕ್ಕು ಅದರ ಹಿಂದೆ ಹೋಗಲಿಲ್ಲ.

ಅಷ್ಟು ದೂರ ಹೋಗುವುದೇ ಬೇಡ. ಈ ವಿಚಾರದ ದೊಡ್ಡ ಪಾಠವೊಂದು ನಮ್ಮ ಬಸವಕಲ್ಯಾಣದಲ್ಲೇ ಹುಟ್ಟಿದ್ದು. ಚಾಲುಕ್ಯ ಆರನೇ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರ ಅಲ್ಲಿ ಕುಳಿತು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ. ಬಂಗಾಳ, ಅಸ್ಸಾಂ ಬಿಟ್ಟು ಭಾರತದ ಬಹುಭಾಗದ ಹಿಂದೂ ಆಸ್ತಿ ಕಾನೂನಿಗೆ ಅದೇ ಬುಡ. ಹೆಂಗಸಿನ ಸ್ವಂತ ಆಸ್ತಿ ಯಾವುದು ಎಂಬ ಪ್ರಶ್ನೆಗೆ ಹಳೆಯ ಸ್ಮೃತಿಕಾರರು ಕೊಟ್ಟಿದ್ದು ಹೆಚ್ಚಾಗಿ ಉಡುಗೊರೆಗಳ ಪಟ್ಟಿ: ಮದುವೆಯಲ್ಲಿ ಬಂದದ್ದು, ತಂದೆ-ತಾಯಿ ಕೊಟ್ಟದ್ದು, ಗಂಡ ಕೊಟ್ಟದ್ದು. ವಿಜ್ಞಾನೇಶ್ವರ ಆ ಪಟ್ಟಿಯನ್ನು ತೆರೆದುಬಿಟ್ಟ. ವಾರಸಾಗಿ ಬಂದದ್ದು, ಕೊಂಡದ್ದು, ಪಾಲಿನಲ್ಲಿ ಸಿಕ್ಕಿದ್ದು, ಅಕಸ್ಮಾತ್ ದೊರಕಿದ್ದು, ಎಲ್ಲವೂ ಸ್ತ್ರೀಧನವೇ ಎಂದ. ಮಗನಿಲ್ಲದೆ, ಪಾಲಾಗಿ ಬೇರೆಯಿದ್ದು ತೀರಿಕೊಂಡವನ ಆಸ್ತಿ ಮೊದಲು ಹೆಂಡತಿಗೆ ಎಂದ.

ಅವನಿಗಿಂತ ಹಿಂದಿನ ಶಾಸನಗಳೂ ಇದಕ್ಕೆ ತೀರ ಹೊರತಾಗಿಲ್ಲ. ಹತ್ತನೇ ಶತಮಾನದ ಆರಂಭದಲ್ಲಿ ಗಂಡ ಸತ್ತ ಮೇಲೆ ಜಕ್ಕಿಯಬ್ಬೆ ನಾಗರಖಂಡದ ನಾಳ್ಗಾವುಂಡ ಪದವಿಯಲ್ಲಿ ಕುಳಿತು ಆಡಳಿತ ನಡೆಸಿದಳು. ಚಾಲುಕ್ಯ ರಾಜಕುಮಾರಿ ಅಕ್ಕಾದೇವಿ ಕಿಸುಕಾಡು ನಾಡನ್ನು ಆಳಿದಳು, ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದಳು. ಅತ್ತಿಮಬ್ಬೆ 1007ರಲ್ಲಿ ಲಕ್ಕುಂಡಿಯ ಬಸದಿ ಕಟ್ಟಿಸಿದಳು. ಹಾಗೆಂದು ಯಾರೂ ಸುವರ್ಣಯುಗ ಎಂದು ಶಂಖ ಊದಬೇಕಾಗಿಲ್ಲ. ಅದೇ ಶತಮಾನದ, 1057ರ ಬೆಳತೂರು ಶಾಸನ ದೇಕಬ್ಬೆಯದು. ಗಂಡನಿಗೆ ಮರಣದಂಡನೆಯಾದಾಗ, ಹೆತ್ತವರು ಬೇಡವೆಂದು ಬೇಡಿಕೊಂಡರೂ ಆಕೆ ಬೆಂಕಿಗೆ ಬಿದ್ದಳು. ಅದನ್ನು ಕಲ್ಲು ನೆಟ್ಟು ಕೊಂಡಾಡಿದರು. ವಿಜ್ಞಾನೇಶ್ವರನೇ ಹುಟ್ಟಿನಿಂದ ಬರುವ ಪಿತ್ರಾರ್ಜಿತ ಹಕ್ಕನ್ನು ಗಂಡುಮಕ್ಕಳಿಗಷ್ಟೇ ಇಟ್ಟ. ಅಕ್ಕಾದೇವಿ ಅರಮನೆಯವಳು, ಅವಳ ಕತ್ತಿ ಹೊಲದಲ್ಲಿ ಕಳೆ ಕೀಳುವವಳ ಕೈಗೆ ಏನನ್ನೂ ಕೊಡಲಿಲ್ಲ.

ಆದರೂ ಸ್ತ್ರೀಧನಕ್ಕೆ ವಿಜ್ಞಾನೇಶ್ವರ ಕೊಟ್ಟ ಆ ವ್ಯಾಖ್ಯೆ ಏನಾಯಿತು ಎಂಬುದನ್ನು ಎಲ್ಲರೂ ತಿಳಿದಿರಬೇಕು, ಏಕೆಂದರೆ ಅದನ್ನು ಯಾರೂ ರದ್ದು ಮಾಡಲಿಲ್ಲ. 1810ರಲ್ಲಿ ಕೋಲ್‌ಬ್ರೂಕ್ ಮಿತಾಕ್ಷರಾದ ದಾಯವಿಭಾಗ ಪ್ರಕರಣವನ್ನು ಇಂಗ್ಲಿಷಿಗೆ ತಂದ. ಕಂಪನಿ ಕೋರ್ಟುಗಳಿಗೆ ಅದೇ ಕೈಪಿಡಿ. ಗ್ರಂಥ ಎದುರಿಗೇ ಇತ್ತು, ಮಾತು ಸ್ಪಷ್ಟವಿತ್ತು. ಆದರೂ 1860ರ ದಶಕದಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಬೇರೆ ಗ್ರಂಥಗಳನ್ನು ಮುಂದೆ ಹಿಡಿದು, ಗಂಡನಿಂದ ವಿಧವೆಗೆ ವಾರಸಾಗಿ ಬಂದದ್ದು ಅವಳ ಸ್ತ್ರೀಧನವಲ್ಲ ಎಂದು ತೀರ್ಮಾನಿಸಿತು. ಅವಳು ಬದುಕಿರುವವರೆಗೆ ಅನುಭವಿಸಬಹುದು. ತೀರ ಅಗತ್ಯವೆಂದು ತೋರಿಸದೆ ಮಾರುವಂತಿಲ್ಲ. ಅವಳು ಸತ್ತರೆ ಆಸ್ತಿ ಗಂಡನ ಕಡೆಯವರಿಗೆ. 1903ರ ಹೊತ್ತಿಗೆ ಹೆಣ್ಣಿನಿಂದ ಹೆಣ್ಣಿಗೆ ಬಂದ ವಾರಸಿಗೂ ಇದೇ ಗತಿಯಾಯಿತು. ಮುಂಬೈ ಪ್ರಾಂತ ಮಾತ್ರ ಮಗಳ ವಿಷಯದಲ್ಲಿ ಕೊಂಚ ಉದಾರ. ಹೀಗಾಗಿ ತಂದೆಯ ವಾರಸು ಸಿಕ್ಕ ಧಾರವಾಡದ ಮಗಳು ಪೂರ್ಣ ಒಡತಿಯಾದರೆ, ತುಂಗಭದ್ರೆಯ ಆಚೆ ಮದ್ರಾಸು ಪ್ರಾಂತದಲ್ಲಿದ್ದ ಬಳ್ಳಾರಿಯ ಮಗಳು ಜೀವಮಾನದ ಕಾವಲುಗಾರ್ತಿಯಷ್ಟೇ ಆದಳು. ಕನ್ನಡನಾಡಿನ ಕಾನೂನು ಪಂಡಿತ ಕೊಟ್ಟದ್ದನ್ನು ಆಧುನಿಕರೆನಿಸಿಕೊಂಡ ನ್ಯಾಯಾಧೀಶರು ಕಿತ್ತುಕೊಂಡಿದ್ದು ಹೀಗೆ. ಒಂದು ಗುಂಡು ಹಾರಲಿಲ್ಲ, ಒಂದು ಫರ್ಮಾನು ಹೊರಡಲಿಲ್ಲ. ತೀರ್ಪಿನ ಮೇಲೆ ತೀರ್ಪು ಬಂತು, ಅಷ್ಟೆ.

ಕಳೆದದ್ದು ಮರಳಿ ಬರಲು ತೊಂಬತ್ತು ವರ್ಷ ಹಿಡಿಯಿತು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಹಕ್ಕುಗಳ ಕಾಯ್ದೆ ತಂದು ದಾರಿ ತೋರಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಂ ಹೆಂಗಸನ್ನು ಪೂರ್ಣ ಒಡತಿ ಮಾಡಿತು. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಮಗಳಿಗೂ ಸಮಪಾಲು ಎಂದು ಕರ್ನಾಟಕ ತಿದ್ದುಪಡಿ ತಂದಿದ್ದು 1994ರಲ್ಲಿ. ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಗೋಡೆ ಕೆಡವಿತು. ಮುಗಿಯಿತೇ? ಇಲ್ಲ. 2015ರಲ್ಲಿ, ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ, 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿದ್ದರೆ ಮಾತ್ರ ಮಗಳಿಗೆ ಈ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿತು. 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠ ಆ ಷರತ್ತನ್ನು ತೆಗೆದುಹಾಕಿತು. ನಡುವಿನ ಐದು ವರ್ಷ, ಅಪ್ಪ ಬೇಗ ಸತ್ತದ್ದೇ ಮಗಳ ತಪ್ಪು ಎಂಬಂತಾಗಿತ್ತು.

ಈಗ ಕೋರ್ಟು ಮಗಳ ಕಡೆಗಿದೆ. ಹಾಗಾಗಿ ಹಕ್ಕು ಸೋರುವ ಜಾಗ ಕೆಳಗಿಳಿದು ನಾಡಕಚೇರಿಗೆ ಬಂದಿದೆ. ಪೌತಿ ಖಾತೆಗೆ ಆಧಾರ ವಂಶವೃಕ್ಷ. ಅದಕ್ಕೆ ಆಧಾರ ಅರ್ಜಿದಾರನ ಪ್ರಮಾಣಪತ್ರ ಮತ್ತು ಊರಿನವರ ಹೇಳಿಕೆ. ಅರ್ಜಿದಾರ ಸಾಮಾನ್ಯವಾಗಿ ಅಣ್ಣನೋ ತಮ್ಮನೋ. ಮದುವೆಯಾಗಿ ಹೋದ ಅಕ್ಕಂದಿರನ್ನು ಅವನು ಮರೆತರೆ ಊರಿನಲ್ಲಿ ಯಾರೂ ನೆನಪಿಸುವುದಿಲ್ಲ. ಮರೆಯದೆ ಬರೆದರೆ ಎರಡನೆಯ ಬಾಗಿಲು ಸಿದ್ಧವಿದೆ: ಹಕ್ಕು ಬಿಡುಗಡೆ ಪತ್ರ. ಮನೆಮಂದಿಯ ನಡುವಿನ ಈ ಪತ್ರಕ್ಕೆ ಮುದ್ರಾಂಕ ಶುಲ್ಕ ಕ್ರಯಪತ್ರಕ್ಕಿಂತ ಬಹಳ ಕಡಿಮೆ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ಯುವ ಕಾರಿನಲ್ಲಿ ನಡೆಯುವ ಮಾತು ಎಲ್ಲರಿಗೂ ಗೊತ್ತು. “ಮದುವೆಗೆ ಖರ್ಚು ಮಾಡಿಲ್ವಾ? ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ಕೊಡ್ತೀವಿ, ಸೈನ್ ಹಾಕಕ್ಕ.” ಹಾಕದಿದ್ದರೆ ಗೌರಿ ಹಬ್ಬಕ್ಕೆ ಬಾಗಿನ ಬರುವುದಿಲ್ಲ, ತವರಿಗೆ ಹೋಗುವಂತಿಲ್ಲ. ಮನಃಪೂರ್ವಕವಾಗಿ ಬಿಟ್ಟುಕೊಟ್ಟವರೂ ಇದ್ದಾರೆ. ಅವರ ಔದಾರ್ಯಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಆ ಔದಾರ್ಯ ಅಣ್ಣನಿಂದ ತಂಗಿಯ ಕಡೆಗೆ ಹರಿದದ್ದನ್ನು ಎಷ್ಟು ಮನೆಗಳಲ್ಲಿ ಕಂಡಿದ್ದೇವೆ?

ದೇಶದಲ್ಲಿ ದುಡಿಯುವ ಹಳ್ಳಿಯ ಹೆಂಗಸರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಬೇಸಾಯದಲ್ಲಿದ್ದಾರೆ. 2015–16ರ ಕೃಷಿ ಗಣತಿಯಲ್ಲಿ ಹೆಂಗಸರ ಹೆಸರಿನ ಹಿಡುವಳಿಗಳು ಸುಮಾರು ಶೇ 14 ಮಾತ್ರ. ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ರೂಪಾಯಿ ಈ ಕಂದರವನ್ನು ಮುಚ್ಚುವುದಿಲ್ಲ. ಆ ಹಣ ಬೇಡವೆಂದಲ್ಲ. ಅದನ್ನು ಹಿಡಿದು ಮನೆಯಲ್ಲಿ ಮೊದಲ ಬಾರಿಗೆ ಮಾತಾಡಿದವರಿದ್ದಾರೆ. ಆದರೆ ಸರ್ಕಾರ ಕೊಡುವುದನ್ನು ಇನ್ನೊಂದು ಸರ್ಕಾರ ನಿಲ್ಲಿಸಬಹುದು. ಪಹಣಿಯಲ್ಲಿರುವ ಹೆಸರನ್ನು ಹಾಗೆ ಅಳಿಸಲಾಗದು.

ಮಾಡಬೇಕಾದದ್ದು ದೊಡ್ಡದೇನಲ್ಲ, ಆದರೆ ಈಗಲೇ ಆಗಬೇಕು. ವಂಶವೃಕ್ಷದ ಅರ್ಜಿಯಲ್ಲಿ ಹೆಣ್ಣುಮಕ್ಕಳಿದ್ದಾರೆಯೇ, ಬದುಕಿದ್ದಾರೆಯೇ, ಎಲ್ಲಿದ್ದಾರೆ ಎಂಬುದಕ್ಕೆ ಪ್ರತ್ಯೇಕ ಉತ್ತರ ಕಡ್ಡಾಯವಾಗಲಿ. ಇಲ್ಲವೆಂದು ಬರೆದರೆ ಗ್ರಾಮ ಆಡಳಿತಾಧಿಕಾರಿ ಪಡಿತರ ಚೀಟಿ, ಶಾಲಾ ದಾಖಲೆಗಳನ್ನು ತಾಳೆ ನೋಡಲಿ. ನೋಟಿಸು ತವರಿನ ಗೋಡೆಗೆ ಅಂಟಿದರೆ ಸಾಲದು, ಅವಳಿರುವ ವಿಳಾಸಕ್ಕೂ ಮೊಬೈಲಿಗೂ ಹೋಗಲಿ. ಹಕ್ಕು ಬಿಡುಗಡೆ ಪತ್ರ ನೋಂದಾಯಿಸುವ ಮುನ್ನ ಅಧಿಕಾರಿ ಆಕೆಯೊಬ್ಬಳನ್ನೇ ಕೂರಿಸಿಕೊಂಡು, ಬಿಟ್ಟುಕೊಡುತ್ತಿರುವ ಜಮೀನಿನ ಮಾರುಕಟ್ಟೆ ಬೆಲೆ ಓದಿ ಹೇಳಲಿ.

ಪಹಣಿ ಒಡೆತನದ ಅಂತಿಮ ಪುರಾವೆಯಲ್ಲ, ಹೆಸರು ಬಿಟ್ಟಿದ್ದರೂ ಹಕ್ಕು ಹೋಗುವುದಿಲ್ಲ ಎಂದು ವಕೀಲರು ಸಮಾಧಾನ ಹೇಳುತ್ತಾರೆ. ನಿಜ. ಆದರೆ ಸುಳ್ಳೆಂದು ಸಾಬೀತಾಗುವವರೆಗೆ ಪಹಣಿಯಲ್ಲಿರುವುದೇ ಸತ್ಯ ಎಂದು ಭಾವಿಸಬೇಕೆನ್ನುತ್ತದೆ ಕಾನೂನು, ಸಾಬೀತು ಮಾಡುವ ಹೊರೆ ಅವಳ ಮೇಲೆ. ಇನ್ನೊಂದು ಮಾತನ್ನು ಅವರು ಸಣ್ಣ ದನಿಯಲ್ಲಿ ಹೇಳುತ್ತಾರೆ: ಒಟ್ಟು ಕುಟುಂಬದ ಆಸ್ತಿಯಿಂದ ಹೊರಗಿಡಲಾದವರು ದಾವೆ ಹೂಡಲು ಕಾಲಮಿತಿ ಕಾಯ್ದೆಯ 110ನೇ ವಿಧಿ ಕೊಡುವುದು ಹನ್ನೆರಡು ವರ್ಷ. ಹೊರಗಿಟ್ಟಿದ್ದು ಅವಳಿಗೆ ಗೊತ್ತಾದ ದಿನದಿಂದ ಲೆಕ್ಕ. ಇಂದು ವಂಶವೃಕ್ಷದಲ್ಲಿ ತನ್ನ ಹೆಸರಿಲ್ಲವೆಂದು ತಿಳಿದೂ ಮುಂದಿನ ಗೌರಿ ಹಬ್ಬದ ಮುಖ ನೋಡಿ ಸುಮ್ಮನಾಗುವವಳ ಗಡುವು ಇಂದಿನಿಂದಲೇ ಓಡುತ್ತದೆ.