ನೆನಪು ಹೋದವರ ಕಾಯಕ



‘ಅರವತ್ತಕ್ಕೆ ಅರಳು ಮರಳು’ ಎಂದು ಹೇಳಿ ನಾವು ಸುಮ್ಮನಾಗುತ್ತೇವೆ. ಆ ಗಾದೆಯ ಮರೆಯಲ್ಲಿ ಒಂದು ಕಾಯಿಲೆ ನಮ್ಮ ಮನೆಗಳೊಳಗೆ ಬಂದು ಕುಳಿತಿದೆ. ವೈದ್ಯರು ಡಿಮೆನ್ಷಿಯಾ ಎನ್ನುವ ಈ ಮರೆವಿನ ಕಾಯಿಲೆ ಅರವತ್ತು ದಾಟಿದ ಸುಮಾರು 88 ಲಕ್ಷ ಭಾರತೀಯರಿಗೆ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜು ಮಾಡಿದೆ. ಅಂದರೆ ನೂರು ಹಿರಿಯರಲ್ಲಿ ಏಳಕ್ಕೂ ಹೆಚ್ಚು ಮಂದಿ. ಪಟ್ಟಣಕ್ಕಿಂತ ಹಳ್ಳಿಗಳಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಇದರ ಪ್ರಮಾಣ ಹೆಚ್ಚು.

ಸಿರಸಂಗಿ, ಸವದತ್ತಿ ಸೀಮೆಯಲ್ಲಿ ತಿರುಗಾಡುವಾಗ ಇಂಥ ಮನೆಗಳನ್ನು ನಾನು ನೋಡಿದ್ದೇನೆ. ಹೊಲಕ್ಕೆ ಹೋದ ಅಜ್ಜ ಒಂದು ದಿನ ದಾರಿ ತಪ್ಪುತ್ತಾನೆ. ಮರುದಿನದಿಂದ ಅವನ ಕೋಣೆಗೆ ಹೊರಗಿನಿಂದ ಚಿಲಕ. ‘ಗಾಳಿ ಸೋಕಿದೆ’ ಎಂದು ತಾಯತ ಕಟ್ಟಿಸುತ್ತಾರೆ. ಅವನ ಕೈಹಿಡಿದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರೂ ಇದ್ದಾರೆ. ಉಣಿಸುವುದು, ತೊಳೆಯುವುದು, ರಾತ್ರಿ ಎಚ್ಚರ ಇರುವುದು ಎಲ್ಲವೂ ಸೊಸೆಯ ಪಾಲಿಗೆ. ಅವಳ ದಣಿವನ್ನು ಕೇಳುವವರಿಲ್ಲ.

ನಾವು ಕಾಯಕದ ಧರ್ಮದವರು. ಹಾಗಾದರೆ ದುಡಿಯಲಾರದವರಿಗೆ ನಮ್ಮಲ್ಲಿ ಜಾಗ ಯಾವುದು? ಕಾಯಕವನ್ನು ಗಳಿಕೆಯಿಂದ ಅಳೆದರೆ ಈ ಅಜ್ಜನಿಗೆ ಜಾಗವೇ ಇಲ್ಲ. ಆದರೆ ಶರಣರ ಅಳತೆ ಬೇರೆ. ಆಯ್ದಕ್ಕಿ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದ ದಿನ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬನ್ನಿ ಎಂದವರು ಲಕ್ಕಮ್ಮ. ತಂದ ಅಕ್ಕಿ ಎಷ್ಟು ಎಂಬುದರ ಮೇಲೆ ಕಾಯಕದ ಬೆಲೆ ನಿಲ್ಲುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕೇ? ಒಂದು ಬೊಗಸೆ ಕಡಲೆಯನ್ನು ಹಸನು ಮಾಡಿ ಕೊಟ್ಟ ಅಜ್ಜಿಯದೂ ಪೂರ್ಣ ಕಾಯಕವೇ.

ವೈದ್ಯರು ಹೇಳುವ ಮಾತೂ ಇದಕ್ಕೆ ಹೊಂದುತ್ತದೆ. ಈ ಕಾಯಿಲೆಯಲ್ಲಿ ನಿನ್ನೆ ಮೊನ್ನೆಯ ಸಂಗತಿ, ಹೆಸರು, ಲೆಕ್ಕ ಮೊದಲು ಹೋಗುತ್ತವೆ. ಕೈಗೆ ರೂಢಿಯಾದ ಕೆಲಸ ಬಹುಕಾಲ ಉಳಿಯುತ್ತದೆ. ಮಗನ ಹೆಸರು ಮರೆತ ಮುದುಕ ಎತ್ತಿನ ಮೈ ತಿಕ್ಕಬಲ್ಲ. ಹೊತ್ತು ಗೊತ್ತಾಗದ ಮುದುಕಿ ಮೊರದಲ್ಲಿ ಜೋಳ ಕೇರಬಲ್ಲಳು. ಚಿಲಕ ಹಾಕಿದಾಗ ಉಳಿದಿದ್ದ ಇದನ್ನೂ ನಾವೇ ಕಸಿದುಕೊಳ್ಳುತ್ತೇವೆ.

ನೆದರ್‌ಲ್ಯಾಂಡ್ಸ್ ದೇಶದಲ್ಲಿ ಆರೈಕೆಯ ತೋಟಗಳು ಸಾವಿರಕ್ಕೂ ಹೆಚ್ಚು ಇವೆ. ಅವುಗಳಲ್ಲಿ ಹಲವು ಮರೆವಿನ ಕಾಯಿಲೆಯವರಿಗೆ ಬಾಗಿಲು ತೆರೆದಿವೆ. ಬೆಳಿಗ್ಗೆ ಬಂದವರು ಕೋಳಿಗೆ ಕಾಳು ಹಾಕುತ್ತಾರೆ, ಕಾಯಿಪಲ್ಲೆ ಬಿಡಿಸುತ್ತಾರೆ, ಒಟ್ಟಿಗೆ ಕುಳಿತು ಉಂಡು ಸಂಜೆ ಮನೆಗೆ ಮರಳುತ್ತಾರೆ. ಅಲ್ಲಿಯೇ ಉಳಿಯುವ ವ್ಯವಸ್ಥೆಯೂ ಕೆಲವೆಡೆ ಇದೆ. ಸಾಮಾನ್ಯ ಆರೈಕೆ ಮನೆಗಳಲ್ಲಿ ಇರುವವರಿಗಿಂತ ಇವರು ಹೆಚ್ಚು ಚಟುವಟಿಕೆಯಿಂದ, ಹೆಚ್ಚು ಹೊತ್ತು ಬಯಲಿನಲ್ಲಿ ಇರುತ್ತಾರೆ ಎಂದು ಅಲ್ಲಿನ ಸಂಶೋಧಕರು ಕಂಡಿದ್ದಾರೆ. ಕಾಯಿಲೆ ಇದರಿಂದ ವಾಸಿಯಾಗದು. ದಿನ ಹಸನಾಗುತ್ತದೆ.

ನಮ್ಮ ಮಠಗಳಿಗೆ ಭೂಮಿ ಇದೆ, ಗೋಶಾಲೆ ಇದೆ, ದಾಸೋಹದ ಒಲೆ ನಿತ್ಯ ಉರಿಯುತ್ತದೆ. ನಾವು ಕಡೆಯಿಂದ ಕಟ್ಟಬೇಕಾದದ್ದು ಬಹಳ ಇಲ್ಲ. ವಾರದಲ್ಲಿ ಎರಡು ದಿನ, ಎಂಟು ಹತ್ತು ಹಿರಿಯರು, ಒಂದು ಎಕರೆ ಹೊಲ, ಬೇವಿನ ನೆರಳು. ಸುತ್ತ ಬೇಲಿ ಇರಲಿ, ಬಾವಿಗೆ ಮುಚ್ಚಳ ಇರಲಿ, ಕುಡುಗೋಲು ಮತ್ತು ಕೀಟನಾಶಕ ಬೀಗದೊಳಗೆ ಇರಲಿ. ಬಿಸಿಲು ಏರುವ ಮೊದಲೇ ಹೊಲದ ಕೆಲಸ ಮುಗಿಯಲಿ. ತರಬೇತಿ ಪಡೆದ ಇಬ್ಬರು ಸದಾ ಜೊತೆಗಿರಲಿ. ಆ ಎರಡು ದಿನ ಮನೆಯ ಸೊಸೆಗೆ ಬಿಡುವು ಸಿಗಲಿ.

ಮೊದಲು ವೈದ್ಯರ ತಪಾಸಣೆ ಆಗಲೇಬೇಕು. ಥೈರಾಯ್ಡ್ ತೊಂದರೆ, ಬಿ-12 ಜೀವಸತ್ವದ ಕೊರತೆ ಇವೂ ಮರೆವು ತರುತ್ತವೆ, ಚಿಕಿತ್ಸೆಗೆ ಬಗ್ಗುತ್ತವೆ. ನಮ್ಮ ಸೀಮೆಯವರಿಗೆ ಧಾರವಾಡದ ಡಿಮ್ಹಾನ್ಸ್ ದೂರವಿಲ್ಲ. ತಾಯತಕ್ಕೆ ಹೋಗುವ ಕಾಲು ಅಲ್ಲಿಗೆ ಹೋಗಲಿ. ಸ್ವಾಮೀಜಿಯವರು ಪ್ರವಚನದಲ್ಲಿ ಒಮ್ಮೆ ಈ ಮಾತು ಹೇಳಿದರೆ ನೂರು ಕರಪತ್ರಕ್ಕಿಂತ ಹೆಚ್ಚು ಕೆಲಸವಾಗುತ್ತದೆ.

‘ನಮ್ಮ ಮನೆಯಲ್ಲೇ ಹೊಲ ಇದೆಯಲ್ಲ’ ಎನ್ನುವವರು ಇರುತ್ತಾರೆ. ಇದೆ, ನಿಜ. ಆದರೆ ಇಂದು ಆ ಹೊಲದಲ್ಲಿ ಟ್ರ್ಯಾಕ್ಟರ್ ಓಡುತ್ತದೆ, ಔಷಧಿ ಸಿಂಪಡಿಸುತ್ತಾರೆ, ಅಜ್ಜನ ಜೊತೆ ನಿಧಾನಕ್ಕೆ ನಡೆಯಲು ಯಾರಿಗೂ ಪುರುಸೊತ್ತಿಲ್ಲ. ಇನ್ನೊಂದು ಎಚ್ಚರವೂ ಬೇಕು. ಇದು ಮಠದ ಹೊಲಕ್ಕೆ ಬಿಟ್ಟಿ ಆಳು ಹುಡುಕುವ ದಾರಿ ಆಗಬಾರದು. ಅವರು ಬಿತ್ತಿದ ಸಾಲು ಸೊಟ್ಟಗಿದ್ದರೆ ಸೊಟ್ಟಗೇ ಇರಲಿ. ಸುಮ್ಮನೆ ಬದುವಿನ ಮೇಲೆ ಕೂರುವ ಮನಸ್ಸಾದರೆ ಕೂರಲಿ. ಅವರಿಗೂ ದಾಸೋಹದಲ್ಲಿ ಅದೇ ಪಂಕ್ತಿ, ಅದೇ ಪ್ರಸಾದ.

ಸಿರಸಂಗಿಯ ಹೆಸರು ಎತ್ತಿದ ಮೇಲೆ ತ್ಯಾಗವೀರ ಲಿಂಗರಾಜ ದೇಸಾಯಿಯವರನ್ನು ನೆನೆಯದೆ ಮುಂದೆ ಹೋಗಲಾಗದು. 1904ರ ಧಾರವಾಡದ ಮಹಾಸಭೆಯ ಅಧ್ಯಕ್ಷರಾಗಿದ್ದ ಅವರು 1906ರಲ್ಲಿ ಲಿಂಗೈಕ್ಯರಾಗುವ ಮೊದಲು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಉಯಿಲು ಬರೆದರು. ಅಕ್ಷರವಿಲ್ಲದ ಮಕ್ಕಳು ಅಂದಿನ ಸಂಕಟ. ಆ ಸಂಕಟಕ್ಕೆ ಅವರು ಭೂಮಿಯಿಂದಲೇ ಉತ್ತರ ಕೊಟ್ಟರು. ಆ ವಿದ್ಯೆಯಿಂದ ಊರು ಬಿಟ್ಟು ಬೆಂಗಳೂರು, ಪುಣೆ, ಅಮೆರಿಕ ಸೇರಿದವರ ತಂದೆತಾಯಿಗಳು ಇಂದು ಹಳ್ಳಿಯ ಮನೆಗಳಲ್ಲಿ ನೆನಪು ಕಳೆದುಕೊಂಡು ಕುಳಿತಿದ್ದಾರೆ. ಈ ಸಂಕಟಕ್ಕೂ ಭೂಮಿ ಕೊಡುವವರು ಬೇಕು.

ಯಾವ ಮಠ ಮೊದಲು ಒಂದು ಎಕರೆಗೆ ಬೇಲಿ ಹಾಕುತ್ತದೆ? ಈ ಹಿಂಗಾರಿಯ ಬಿತ್ತನೆಯೊಳಗೆ ಉತ್ತರ ಬರಲಿ ಎಂದು ಬೇಡುತ್ತೇನೆ.